ಸಾಗವಾನಿ ಸಾಹುಕಾರನ ಬಿಳಿ ಮುಖ

ನಮ್ಮ ಡ್ರಾಯಿಂಗ್ ಮಾಸ್ತರರ ಬಲಗೈ ಹೆಬ್ಬೆರಳು ರಂಜಾನ್ ಹಬ್ಬದ ದಿನವೂ ಕರ್ರಗೇ ಇರುತ್ತಿತ್ತು. ಚಿತ್ರದ ಕಾಡಿನಲ್ಲಿ ಬ್ರಷ್ಷಿಗೆ ಬಗ್ಗದ ನೆರಳನ್ನು ಅವರು ಮಸಿಯಲ್ಲಿ ಅದ್ದಿದ ಹೆಬ್ಬೆರಳು ಒತ್ತಿ ಮೂಡಿಸುತ್ತಿದ್ದರು. "ಇವತ್ತರ ತೊಳಕೋರಿ ಸರ" ಎಂದರೆ, "ತೊಳದ್ರ ನನ್ನ ಕಾಡ ಹೋಗ್ತೈತಲ್ಲವ್ವಾ" ಎನ್ನುವರು.

ದಾಂಡೇಲಿಯ ಶಾಲೆಯಿಂದ ನಿವೃತ್ತರಾದ ಮೇಲೆ ಅವರು ವಾರಪತ್ರಿಕೆಯೊಂದರ ಮಕ್ಕಳ ಪುಟಕ್ಕೆ ಕಾಮಿಕ್ಸ್ ಬರೆಯುತ್ತಿದ್ದರು. ಅದರ ಖಳನಾಯಕ ಮರಗಳ್ಳ ಸಾಗವಾನಿ ಸಾಹುಕಾರ. ಹಳಿಯಾಳದಿಂದ ಮುಂಡಗೋಡದವರೆಗೆ ಅವನನ್ನು ಅರಿಯದ ಮಕ್ಕಳಿರಲಿಲ್ಲ. ಆದರೆ ಯಾರೂ ಹೆದರುತ್ತಿರಲಿಲ್ಲ. ಡೊಳ್ಳುಹೊಟ್ಟೆ, ದಪ್ಪ ಮೀಸೆ, ಗಹಗಹಿಸುವ ನಗು. ಅವನನ್ನು ಕಂಡರೆ ಮಕ್ಕಳಿಗೆ ಮೋಜು. ನಾನು ಮಳಗಿ ಕಡೆಯ, ಆಫ್ರಿಕಾ ಮೂಲದ ಸಿದ್ದಿಗಳ ಕೇರಿಯವಳು, ಹಾಸ್ಟೆಲಿನಲ್ಲಿದ್ದು ಅವರ ಕೈಯಲ್ಲಿ ಕಲಿತವಳು. ಅವರು ಎಳೆದ ಗೆರೆಗಳ ನಡುವೆ ಮಸಿ ತುಂಬುವುದು ನನ್ನ ಕೆಲಸ.

ಒಂದು ದಿನ ಸಂಪಾದಕರು ಮನೆಗೇ ಬಂದರು.

"ಮಾಸ್ತರ, ಸಾಹುಕಾರಗ ಯಾರೂ ಅಂಜವಲ್ರು. ಕರ್ರಗ ಮಾಡ್ರಿ ಅವನ್ನ. ಗುಂಗುರು ಕೂದಲಾ, ದಪ್ಪ ತುಟಿ ಬರೀರಿ. ಇಲ್ಲಾಂದ್ರ ಕಥಿ ನಿಲ್ಲಸೂಣು."

ನನ್ನ ಬ್ರಷ್ ನಿಂತಿತು. ಶಾಲೆಯ ವಾರ್ಷಿಕ ಗ್ಯಾದರಿಂಗಿನ ನಾಟಕದಲ್ಲಿ ರಾಕ್ಷಸನ ಪಾತ್ರ ಯಾವಾಗಲೂ ನನ್ನ ತಮ್ಮನ ಪಾಲಿಗೇ ಬರುತ್ತಿತ್ತು; ಇವನಿಗೆ ಬಣ್ಣವೂ ಬೇಡವೆಂದು ಎಲ್ಲರೂ ನಗುತ್ತಿದ್ದರು. ಇನ್ನು ಪತ್ರಿಕೆಯಲ್ಲೂ ನಾವೇ, ಮಸಿ ತುಂಬುವ ಕೈಯೂ ನನ್ನದೇ.

ಮಾಸ್ತರರು ನನ್ನತ್ತ ನೋಡಲೂ ಇಲ್ಲ. ನಿಧಾನವಾಗಿ ಚಹಾ ಮುಗಿಸಿದರು.

"ಯಾರದೋ ಮಾರಿ ತಂದಿಟ್ಟು ಅಂಜಸೂದು ನನ್ನ ಕೈಲೆ ಆಗೂದಿಲ್ರಿ. ಒಂದ್ ವಾರ ಬಿಡ್ರಿ. ಹುಡುಗೂರು ಅಂಜಲಿಲ್ಲಂದ್ರ ನಾನ ನಿಲ್ಲಸ್ತೇನಿ."

ಆ ವಾರ ಸಾಹುಕಾರನ ಮೀಸೆ ಹೋಯಿತು, ಹೊಟ್ಟೆ ಕರಗಿತು. ಕಾಡನ್ನು ಒರಟು ಗೆರೆಗಳಲ್ಲಿ ಬರೆದು, "ಇಷ್ಟೂ ಕರಿ ತುಂಬವ್ವಾ" ಎಂದರು. ನಡುವೆ ಅವನೊಬ್ಬನೇ ಬಿಳಿ: ಇಸ್ತ್ರಿ ಅಂಗಿ, ನೀಟಾಗಿ ಬಾಚಿದ ಕೂದಲು, ಕಣ್ಣೇ ಕಾಣದ ಖಾಲಿ ಕನ್ನಡಕ. ಅವನ ಗೆರೆ ಮಾತ್ರ ಸಪೂರ, ಎಲ್ಲೂ ನಡುಗದ್ದು. ಅವನ ಮಾತಿನ ಅಕ್ಷರಗಳೂ ಇರುವೆಯಷ್ಟು.

"ಒದರಾಂವಗ ಹುಡುಗೂರು ನಗ್ತಾವ. ಸಣ್ಣಗ ಮಾತಾಡಾಂವನ ಹತ್ರ ಹೋಗಿ ಕೇಳಬೇಕಾಗ್ತೈತಿ" ಎಂದರು.

ಕೊನೆಯ ಚಿತ್ರದಲ್ಲಿ ಅವನು ಏನೂ ಮಾಡುವುದಿಲ್ಲ. ತನ್ನ ಬೆನ್ನು ಹತ್ತಿದ ಫಾರೆಸ್ಟ್ ಗಾರ್ಡನ ಮಗನ ತಲೆ ಸವರುತ್ತಾನೆ, ಅಷ್ಟೆ.

ಪತ್ರಿಕೆ ಹೊರಬಂದ ಮೇಲೆ ಚಿಗಳ್ಳಿಯ ತಾಯಿಯೊಬ್ಬಳು ಸಂಪಾದಕರಿಗೆ ಫೋನ್ ಮಾಡಿ ಝಾಡಿಸಿದಳಂತೆ: "ಏನ್ ಬರದೀರಿ ನೀವು? ನನ್ನ ಮಗಾ ತಲಿಗೆ ಎಣ್ಣಿ ಹಚ್ಚಾಕ ಬಿಡವಲ್ಲ!" ಸಂಪಾದಕರು ನಗುತ್ತಲೇ ಸೋಲೊಪ್ಪಿದರು. ಕಥೆ ಉಳಿಯಿತು.

ಹೋದ ಮಳೆಗಾಲದಲ್ಲಿ ಮಾಸ್ತರರು ತೀರಿಕೊಂಡರು. ಈಗ ಸಾಹುಕಾರನನ್ನು ನಾನೇ ಬರೆಯುತ್ತೇನೆ. ನನ್ನ ಹೆಬ್ಬೆರಳಿಗೂ ಮಸಿ ಕಾಯಂ. ಮೊನ್ನೆ ನಮ್ಮೂರ ಶಾಲೆಯ ಗ್ಯಾದರಿಂಗಿನಲ್ಲಿ ಅದೇ ಕಥೆಯ ನಾಟಕವಿತ್ತು. ಸಾಹುಕಾರನಾದ ಹುಡುಗನ ಮುಖಕ್ಕೆ ಪೌಡರ್ ಮೆತ್ತಿ, ಕನ್ನಡಕಕ್ಕೆ ಬಿಳಿ ಕಾಗದ ಅಂಟಿಸಿದ್ದರು. ಅವನನ್ನು ಹಿಡಿಯುವ ಗಾರ್ಡ್ ನನ್ನ ತಮ್ಮನ ಮಗ. ಖಾಕಿ ಟೊಪ್ಪಿಗೆಯಡಿಯಿಂದ ನಮ್ಮದೇ ಗುಂಗುರು ಕೂದಲು ಇಣುಕುತ್ತಿತ್ತು. ಸಾಹುಕಾರ ಕೈ ಎತ್ತಿದ್ದೇ ತಡ, ಮುಂದಿನ ಸಾಲಿನ ಮಕ್ಕಳೆಲ್ಲ ತಲೆ ಮುಚ್ಚಿಕೊಂಡವು.

ಪಕ್ಕದಲ್ಲಿ ಕೂತಿದ್ದ ತಮ್ಮ ನನ್ನ ಕೈ ಹಿಡಿದುಕೊಂಡ.

"ಅಕ್ಕಾ, ನಮ್ಮಾಂವ ಗಾರ್ಡ್ ಆಗ್ಯಾನ ನೋಡ. ಸರ ಇರಬೇಕಿತ್ತು."