ಕಾಲೇಜು ಬೇರೆ, ಡಿಗ್ರಿ ಬೇರೆ

ಕೊಳೆತ ಮೊಟ್ಟೆಯ ವಾಸನೆ ಬಂದರೆ ನನಗೆ ಪಾಣಿಪತ್ ಯುದ್ಧ ನೆನಪಾಗುತ್ತದೆ. ನಗಬೇಡಿ, ಕಾರಣ ಉಂಟು, ಹೇಳುತ್ತೇನೆ. ಕಳೆದ ತಿಂಗಳು ಒಂದು ಬೆಳಿಗ್ಗೆ ಬಂಟ್ವಾಳದ ನಮ್ಮ ಅಡುಗೆಮನೆಯಲ್ಲಿ ಆಮ್ಲೆಟ್ಟಿಗೆಂದು ಒಂದು ಮೊಟ್ಟೆ ಒಡೆದೆ. ಒಡೆದದ್ದೇ ತಡ, ಮನೆ ತುಂಬ ನಾತ. ಬೇರೆಯವರಾದರೆ ಮೂಗು ಮುಚ್ಚಿಕೊಂಡು ಹಿತ್ತಿಲಿಗೆ ಓಡುತ್ತಿದ್ದರು. ನಾನು ಬಟ್ಟಲು ಹಿಡಿದುಕೊಂಡು ಬಾಬರನನ್ನು ಧ್ಯಾನಿಸುತ್ತಾ ನಿಂತುಬಿಟ್ಟೆ. ನಮ್ಮ ಮನೆಯವರು ಬಂದು, "ಎಂತ ಮಾರಾಯ್ತಿ, ಮೂಗು ಕಟ್ಟಿದೆಯಾ ನಿನಗೆ?" ಎಂದರು. "ಇದು ನನ್ನ ಬಿ.ಎ. ವಾಸನೆ" ಎಂದೆ. ಅವರು ಬಟ್ಟಲನ್ನು ನನ್ನ ಕೈಯಿಂದ ಕಿತ್ತುಕೊಂಡು ಹೋಗಿ ಹೊರಗೆ ಚೆಲ್ಲಿದರು.

ನಾನು ಡಿಗ್ರಿ ಓದಿದ್ದು ಗುರುವಾಯನಕೆರೆಯಿಂದ ಆಚೆಗೆ ಒಂದು ಜೂನಿಯರ್ ಕಾಲೇಜಿನಲ್ಲಿ. ಜೂನಿಯರ್ ಕಾಲೇಜಿನಲ್ಲಿ ಪಿಯುಸಿ ತಾನೇ ಓದುವುದು, ಡಿಗ್ರಿ ಹೇಗೆ ಎಂದು ನೀವು ಕೇಳಬಹುದು. ನಾನು ಅಲ್ಲೇ ಪಿಯುಸಿ ಮುಗಿಸಿದ ವರ್ಷವೇ ವಿಶ್ವವಿದ್ಯಾನಿಲಯದವರು ಅದೇ ಕಾಂಪೌಂಡಿನೊಳಗೆ ತಮ್ಮ ಬಿ.ಎ., ಬಿ.ಕಾಂ. ತರಗತಿಗಳನ್ನು ಶುರು ಮಾಡಿದರು. ಪಾಠ ಹೇಳುವವರು ಅವರ ಕಡೆಯವರು, ಪರೀಕ್ಷೆ ಅವರದ್ದು, ಪದವಿ ಅವರದ್ದು. ಗೇಟು, ಗಂಟೆ, ನೀರಿನ ಟ್ಯಾಂಕಿ, ಪ್ಯೂನ್ ಎಲ್ಲ ಜೂನಿಯರ್ ಕಾಲೇಜಿನದ್ದು. ಕೋಣೆ ಸಾಲದೆ ನಮ್ಮನ್ನು ಕೆಮಿಸ್ಟ್ರಿ ಲ್ಯಾಬಿನಲ್ಲಿ ಕೂರಿಸಿದರು. ಪಕ್ಕದ ಅರ್ಧದಲ್ಲಿ ಪಿಯುಸಿ ಮಕ್ಕಳು ಕೊಳೆತ ಮೊಟ್ಟೆಯ ಹಾಗೆ ನಾರುವ ಅದೆಂತದ್ದೋ ಗ್ಯಾಸ್ ತಯಾರಿಸುತ್ತಿದ್ದರೆ, ಈ ಅರ್ಧದಲ್ಲಿ ನಮ್ಮ ಇತಿಹಾಸದ ಮೇಷ್ಟ್ರು ಸಿಂಕಿಗೆ ಒರಗಿ, ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು ಇಬ್ರಾಹಿಂ ಲೋದಿಯನ್ನು ಸೋಲಿಸುತ್ತಿದ್ದರು. ಆ ಸಿಂಕಿನ ನಲ್ಲಿ ಸೋರುತ್ತಿತ್ತು, ಮೇಷ್ಟ್ರ ಪ್ಯಾಂಟು ಹಿಂದುಗಡೆ ಯಾವಾಗಲೂ ಒದ್ದೆ. ಮೂಡುಬಿದಿರೆಯ ದೊಡ್ಡ ದೊಡ್ಡ ಕಾಲೇಜುಗಳಲ್ಲಿ ಓದುತ್ತಿದ್ದ ನಮ್ಮ ನೆಂಟರ ಮಕ್ಕಳು ಮದುವೆ ಮನೆಗಳಲ್ಲಿ ಸಿಕ್ಕಿದರೆ, "ನಿಮ್ಮದು ಡಿಗ್ರಿಯಾ, ಪ್ರಾಕ್ಟಿಕಲ್ಲಾ?" ಎಂದು ತಮಾಷೆ ಮಾಡುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಈಗಲೂ ಏರುತ್ತದೆ.

ಆದರೆ ಆ ಲ್ಯಾಬು ಇಲ್ಲದಿದ್ದರೆ ನಾನು ಇವತ್ತು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿರಲಿಲ್ಲ. ಅದು ಹೇಗೆಂದು ಹೇಳಬೇಕಾದರೆ ನಮ್ಮ ಕಡೆಯ ಒಂದು ಶಬ್ದದ ಸಂಗತಿ ಹೇಳಬೇಕು. ನಮ್ಮಲ್ಲಿ ಹತ್ತನೇ ಕ್ಲಾಸಿನ ತನಕ ಶಾಲೆ. ಅದರ ಮೇಲೆ ಪಿಯುಸಿಗೆ ಕಾಲು ಇಟ್ಟರೆ ಅದೇ ಕಾಲೇಜು. ಪಿಯುಸಿ ಮುಗಿದರೆ "ಹುಡುಗಿಯ ಕಾಲೇಜು ಆಯ್ತು." ಕಾಲೇಜು ಆದ ಹುಡುಗಿಗೆ ಗಂಡು ಹುಡುಕುತ್ತಾರೆ, ಟೈಲರಿಂಗಿಗೆ ಕಳಿಸುತ್ತಾರೆ. ಅದರ ಮೇಲೆ ಇರುವುದು ಡಿಗ್ರಿ. ಅದು ಬೇರೆಯೇ ಲೋಕ, ಮಂಗಳೂರು, ಹಾಸ್ಟೆಲ್, ಖರ್ಚು, ಊರವರ ಬಾಯಿ.

ನಮ್ಮ ಮನೆಯಲ್ಲಿ ಈ ಶಬ್ದಕ್ಕೆ ಅರ್ಥ ಕೊಡುವವರು ಮಾವ. ಮಾವ ಎಂದರೆ ಅಮ್ಮನ ಅಣ್ಣ. ಫರಂಗಿಪೇಟೆಯಲ್ಲಿ ಹೆದ್ದಾರಿಯ ಬದಿಗೆ ಅವರ ಹೋಟೇಲು. ಪ್ರತಿ ಆದಿತ್ಯವಾರ ಬನ್ಸಿನ ಪೊಟ್ಟಣ ಹಿಡಿದುಕೊಂಡು ನಮ್ಮಲ್ಲಿಗೆ ಬಂದು ಎಲ್ಲದಕ್ಕೂ ತೀರ್ಪು ಕೊಟ್ಟು ಹೋಗುತ್ತಿದ್ದರು. ಅಪ್ಪ ಇರಲಿಲ್ಲವೇ ಎಂದರೆ, ಇದ್ದರು. ಮಾವ ಬಾಯಿ ತೆರೆದರೆ ಅಪ್ಪನಿಗೆ ಪೇಪರಿನಲ್ಲಿ ಓದಲಿಕ್ಕೆ ಬಹಳ ಸಿಗುತ್ತಿತ್ತು. ನನ್ನ ಪಿಯುಸಿ ಪರೀಕ್ಷೆ ಹತ್ತಿರ ಬಂದಾಗ ಮಾವ ಹೇಳಿದರು, "ಕಾಲೇಜಿಗೆ ಹೋದದ್ದು ಸರಿ. ಡಿಗ್ರಿ ಗಿಗ್ರಿ ಎಲ್ಲ ಬೇಡ. ನಾನು ಇರುವ ತನಕ ಬೇಡ."

ಅಮ್ಮ ಎದುರು ಮಾತಾಡಲಿಲ್ಲ. ಅಮ್ಮ ಯಾವತ್ತೂ ಎದುರು ಮಾತಾಡಿದವರಲ್ಲ, ಅವರದ್ದು ಬೇರೆ ದಾರಿ. ಅದೇ ಗೇಟಿನೊಳಗೆ ಡಿಗ್ರಿ ಶುರುವಾಗಿದೆ ಎಂದು ಕೇಳಿದ್ದೇ ನನ್ನನ್ನು ಸದ್ದಿಲ್ಲದೆ ಸೇರಿಸಿಬಿಟ್ಟರು. ಅದೇ ಬಸ್ಸು, ಅದೇ ಕೊಡೆ, ಅದೇ ಟಿಫಿನ್. ವಾರದ ನಡುವೆ ಮಾವ ಫೋನು ಮಾಡಿ, "ಇವಳು ಎಲ್ಲಿ?" ಎಂದು ಕೇಳಿದರೆ ಅಮ್ಮ, "ಕಾಲೇಜಿಗೆ ಹೋಗಿದ್ದಾಳೆ" ಎನ್ನುತ್ತಿದ್ದರು.

"ಇನ್ನೂ ಮುಗೀಲಿಲ್ವಾ ಇವಳ ಕಾಲೇಜು?"

"ಎಲ್ಲಿ ಮುಗಿಯುತ್ತದೆ ಅಣ್ಣ!"

ಒಂದು ಅಕ್ಷರ ಸುಳ್ಳಿಲ್ಲ, ನೋಡಿ. ಮರು ವರ್ಷವೂ ಅದೇ ಪ್ರಶ್ನೆ, ಅದೇ ಉತ್ತರ. ಮಾವನಿಗೆ ಸಂಶಯ ಬರಲಿಲ್ಲ, ಕನಿಕರ ಬಂತು. ಹುಡುಗಿ ಪಿಯುಸಿಯಲ್ಲಿ ಮತ್ತೆ ಮತ್ತೆ ಫೇಲಾಗುತ್ತಿದ್ದಾಳೆ, ತಂಗಿ ನಾಚಿಕೆಯಿಂದ ಹೇಳುತ್ತಿಲ್ಲ ಎಂದು ಅವರೇ ಲೆಕ್ಕ ಹಾಕಿಕೊಂಡರು. ಬನ್ಸಿನ ಜೊತೆಗೆ ಒಂದೆಲಗದ ಸೊಪ್ಪು ಬರಲಿಕ್ಕೆ ಶುರುವಾಯಿತು. ತುಳುವಿನಲ್ಲಿ ತಿಮರೆ ಎನ್ನುತ್ತೇವೆ, ನೆನಪಿನ ಶಕ್ತಿಗೆ ಒಳ್ಳೆಯದಂತೆ. "ಬೇಜಾರು ಮಾಡಬೇಡ ಮಗಾ, ಎಲ್ಲರ ತಲೆ ಒಂದೇ ಹಾಗೆ ಇರುವುದಿಲ್ಲ" ಎಂದು ನನ್ನ ತಲೆ ಸವರುತ್ತಿದ್ದರು. ಕ್ಲಾಸಿಗೆ ಮೊದಲನೆಯವಳಾದ ನಾನು ಬಾಯಿ ಮುಚ್ಚಿಕೊಂಡು ಮೂರು ವರ್ಷ ತಿಮರೆ ಚಟ್ನಿ ತಿಂದೆ. ನನಗೆ ಈಗ ಬೇಡದ್ದೆಲ್ಲ ನೆನಪಿರುವುದು ಅದರಿಂದಲೇ ಇರಬೇಕು.

ಕೊನೆಯ ವರ್ಷದ ಫಲಿತಾಂಶ ಬಂದ ದಿನ ಅಮ್ಮ ಫೋನು ಮಾಡಿ, "ಅಣ್ಣ, ಪಾಸು!" ಎಂದರು. ಮಾವ ಖುಷಿಯಿಂದ ಹೋಟೇಲಿಗೆ ಬಂದವರಿಗೆಲ್ಲ ಲಾಡು ಹಂಚಿದರಂತೆ. "ನಮ್ಮ ತಂಗಿಯ ಮಗಳು ಅಂತೂ ಇಂತೂ ಪಿಯುಸಿ ದಾಟಿದಳು." ಗಿರಾಕಿಗಳಲ್ಲಿ ನನ್ನ ಸಹಪಾಠಿಯೊಬ್ಬನ ಅಪ್ಪ ಇದ್ದರು. ಅವರು ಲಾಡು ಕಚ್ಚಿ, "ಪಿಯುಸಿ ಎಂತದ್ದು ಮಾರಾಯ್ರೆ? ನಿಮ್ಮ ಹುಡುಗಿ ಬಿ.ಎ. ಪಾಸು, ಫಸ್ಟ್ ಕ್ಲಾಸು" ಎಂದುಬಿಟ್ಟರು. ಮಾವ ಮುಂದಿನ ಆದಿತ್ಯವಾರ ಬರಲಿಲ್ಲ. ಅದರ ಮುಂದಿನ ಆದಿತ್ಯವಾರ ಬಂದವರು ಜಗಲಿಯಲ್ಲೇ ನಿಂತು ಅಮ್ಮನನ್ನು ಕೇಳಿದ್ದು ಒಂದೇ ಮಾತು. "ನನ್ನನ್ನು ಪೆದ್ದ ಮಾಡಿದ್ದು ಹೋಗಲಿ. ಇವಳು ದಡ್ಡಿ ಎಂದು ನಾನು ಊರಿಡೀ ಹೇಳಿಕೊಂಡು ಬಂದೆನಲ್ಲ, ಅದಕ್ಕೆ ಎಂತ ಮಾಡುವುದು?"

ಇಲ್ಲಿಯ ತನಕ ನೀವು ನಕ್ಕಿರಬಹುದು, ನಾವೂ ಎಷ್ಟೋ ವರ್ಷ ನಕ್ಕಿದ್ದೇವೆ. ಮುಂದಿನದ್ದು ನಗುವ ಸಂಗತಿ ಅಲ್ಲ. ಮಾವನಿಗೆ ಒಬ್ಬಳೇ ಮಗಳು, ಪುಷ್ಪ. ನನಗಿಂತ ಬಹಳ ಸಣ್ಣವಳು. ಸೋದರತ್ತೆಯ ಮಗಳಾದ ನಾನು ಅವಳಿಗೆ ಅತ್ತಿಗೆ. ಬೇಕಾದರೆ ನನ್ನನ್ನು ಕೂರಿಸಿ ಪಾಠ ಹೇಳುವಷ್ಟು ಬುದ್ಧಿ ಅವಳಿಗೆ. ಅದೇ ಕಾಲೇಜಿನಲ್ಲಿ ಅವಳ ಪಿಯುಸಿ ಮುಗಿದಾಗ ಮಾವ ಮೋಸ ಹೋಗಲಿಲ್ಲ. ಕಾಲೇಜಿಗೇ ಹೋಗಿ ಆಫೀಸಿನಲ್ಲಿ ವಿಚಾರಿಸಿ ಬಂದರು. "ಪಿಯುಸಿ ಆಯ್ತಾ? ಸಾಕು. ಅದೇ ಗೇಟಿನೊಳಗೆ ಇನ್ನೊಂದು ಉಂಟು ಎಂದು ನನಗೆ ಈಗ ಗೊತ್ತುಂಟು." ಅದೇ ವರ್ಷ ಲಾಯಿಲಕ್ಕೆ ಅವಳ ಮದುವೆ ಮಾಡಿ ಕಳಿಸಿದರು. ಅಂದು ಚಪ್ಪರದ ಕೆಳಗೆ ನನಗೆ ಊಟ ಸೇರಲಿಲ್ಲ. ಮಾವ ಬಡಿಸಲಿಕ್ಕೆ ಬಂದಾಗ ಎಲೆ ಮಡಚಿ ಎದ್ದುಬಿಟ್ಟೆ. ಆ ಸಿಟ್ಟನ್ನು ನಾನು ಬಿಟ್ಟವಳಲ್ಲ.

ಪುಷ್ಪ ಬಿಟ್ಟಳು ಎಂದುಕೊಂಡಿರಾ? ಅವಳ ಮಗ ಅದೇ ಜೂನಿಯರ್ ಕಾಲೇಜಿಗೆ ಪಿಯುಸಿಗೆ ಸೇರಿದ ದಿನ ಇವಳು ಅದೇ ಗೇಟಿನೊಳಗೆ ಬಿ.ಎ.ಗೆ ಸೇರಿದಳು. ಗಂಡ ಕುವೈತಿನಲ್ಲಿ, "ನಿನ್ನ ಇಷ್ಟ" ಎಂದ. ಅತ್ತೆ ಮಾತ್ರ ಒಂದು ಷರತ್ತು ಹಾಕಿದರು. ಬೆಳಿಗ್ಗೆ ಮಗನ ಒಟ್ಟಿಗೆ ಹೋಗಿ ಮಧ್ಯಾಹ್ನ ಊಟಕ್ಕೆ ಮನೆಗೆ ಮುಟ್ಟಬೇಕು. ಮಗನಿಗೆ ನಾಚಿಕೆಯಾಗಿ ಅವನು ಬಸ್ಸಿನಿಂದ ಇಳಿದದ್ದೇ ಅಮ್ಮನ ಗುರುತೇ ಇಲ್ಲದವನ ಹಾಗೆ ಮುಂದೆ ಓಡುತ್ತಾನಂತೆ. "ಓಡಲಿ ಅತ್ತಿಗೆ, ನನಗೂ ನಿಧಾನಕ್ಕೆ ನಡೆಯಲಿಕ್ಕೆ ಸಿಗುತ್ತದೆ. ಇಷ್ಟು ವರ್ಷದಲ್ಲಿ ಒಬ್ಬಳೇ ನಡೆದದ್ದೇ ಇಲ್ಲ" ಎಂದು ನನ್ನಲ್ಲಿ ಹೇಳಿ ನಗುತ್ತಿದ್ದಳು.

ಆ ಕೊಳೆತ ಮೊಟ್ಟೆಯ ಬೆಳಿಗ್ಗೆಯೇ ಅವಳ ಫೋನು ಬಂದದ್ದು. ದನಿಯಲ್ಲಿ ನಗು ಇರಲಿಲ್ಲ.

"ಅತ್ತಿಗೆ, ನಮ್ಮ ಡಿಗ್ರಿಯನ್ನು ಬರುವ ವರ್ಷದಿಂದ ಇಲ್ಲಿಂದ ತೆಗೀತಾರಂತೆ. ಎಲ್ಲರೂ ಮೇನ್ ಕ್ಯಾಂಪಸ್ಸಿಗೆ ಹೋಗಬೇಕಂತೆ. ವಿಲೀನ ಅಂತೆ."

ವಿಲೀನ! ಎಷ್ಟು ಚಂದದ ಶಬ್ದ, ಅಲ್ಲವಾ? ಹಾಲಿಗೆ ಸಕ್ಕರೆ ಹಾಕಿದ ಹಾಗೆ ಕೇಳುತ್ತದೆ. ಲಾಯಿಲದಿಂದ ಆ ಮೇನ್ ಕ್ಯಾಂಪಸ್ಸಿಗೆ ಎರಡು ಬಸ್ಸು ಬದಲಿಸಿ ಹೋಗಬೇಕು. ಬೆಳಿಗ್ಗೆ ಕತ್ತಲಿಗೆ ಹೊರಟವಳು ತಿರುಗಿ ಬರುವಾಗ ಮತ್ತೆ ಕತ್ತಲು. ಮಧ್ಯಾಹ್ನದ ಊಟಕ್ಕೆ ಮುಟ್ಟಬೇಕಾದವಳು ಯಾವುದರಲ್ಲಿ ವಿಲೀನವಾಗುವುದು? ಪುಷ್ಪನ ಎರಡನೇ ವರ್ಷ ಅಲ್ಲಿಗೆ ನಿಂತ ಹಾಗೆಯೇ. ಅವಳೊಬ್ಬಳದ್ದೇ ಅಲ್ಲ. ಅವಳ ಕ್ಲಾಸಿನಲ್ಲಿ ಇರುವವರು ಹೆಚ್ಚಿನವರು ಹೆಣ್ಣುಮಕ್ಕಳು, ಹತ್ತಿರ ಉಂಟು ಎಂಬ ಒಂದೇ ಕಾರಣಕ್ಕೆ ಮನೆಯವರು ಬಿಟ್ಟ ಹೆಣ್ಣುಮಕ್ಕಳು. ಹತ್ತಿರ ಎಂಬುದು ಅವರಿಗೆ ಸೌಕರ್ಯ ಅಲ್ಲ ಮಾರಾಯರೇ, ಅದೇ ಅನುಮತಿ. ಇದು ಗೊತ್ತಿಲ್ಲದವರು ಕುರ್ಚಿಯಲ್ಲಿ ಕೂತು ನಕ್ಷೆ ನೋಡಿ ಗೆರೆ ಎಳೆಯುತ್ತಾರೆ.

ಶನಿವಾರ ಪೋಷಕರ ಸಭೆ ಕರೆದಿದ್ದರು. ಪುಷ್ಪನಿಗೆ ಪೋಷಕರು ಯಾರು? ಅವಳು ಅಪ್ಪನಿಗೇ ಫೋನು ಮಾಡಿದಳು. ಮಾವನಿಗೆ ಈಗ ಎಂಬತ್ತು ಹತ್ತಿರ, ಮೊಣಕಾಲು ಮಡಚುವುದಿಲ್ಲ. ಊರುಗೋಲು ಕುಟ್ಟಿಕೊಂಡು ಬಂದೇ ಬಂದರು. ನನ್ನನ್ನು ನೋಡಿ, "ನೀನೂ ಉಂಟಾ? ಸರಿ" ಎಂದು ಮೊದಲ ಸಾಲಿನಲ್ಲೇ ಕೂತರು.

ವಿಶ್ವವಿದ್ಯಾನಿಲಯದಿಂದ ಬಂದ ಅಧಿಕಾರಿ ನಗುನಗುತ್ತಾ ಮೈಕು ಹಿಡಿದರು. "ನೋಡಿ, ಕಾಲೇಜು ಮುಚ್ಚುತ್ತೆ ಅಂತ ಯಾರೋ ಗಾಳಿಸುದ್ದಿ ಹಬ್ಬಿಸಿದಾರೆ. ಕಾಲೇಜು ಮುಚ್ಚೋದಿಲ್ಲ. ನಿಮ್ಮೂರಿನ ಕಾಲೇಜು ನಿಮ್ಮೂರಲ್ಲೇ ಇರುತ್ತೆ. ಇದು ನನ್ನ ಭರವಸೆ."

ಸಭೆ ಚಪ್ಪಾಳೆ ತಟ್ಟಿತು! ಜನ ಕೊಡೆ, ಚೀಲ ತೆಗೆದುಕೊಂಡು ಏಳಲಿಕ್ಕೇ ಶುರು ಮಾಡಿದರು. ಹೊರಗೆ ಚಹಾ, ಗೋಳಿಬಜೆ ಕಾಯುತ್ತಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಪಿಯುಸಿ ಇಲ್ಲೇ ಇರುತ್ತದೆ, ಗೇಟು ಇರುತ್ತದೆ, ಬೋರ್ಡು ಇರುತ್ತದೆ. ಆ ಮನುಷ್ಯ ಹೇಳಿದ್ದರಲ್ಲಿ ಒಂದು ಅಕ್ಷರ ಸುಳ್ಳಿಲ್ಲ. ನನ್ನ ಅಮ್ಮ ಒಂದು ಹುಡುಗಿಯನ್ನು ಒಳಗೆ ದಾಟಿಸಲಿಕ್ಕೆ ಬಳಸಿದ ಅದೇ ಶಬ್ದವನ್ನು ಇವರು ನೂರು ಹುಡುಗಿಯರನ್ನು ಹೊರಗೆ ದೂಡಲಿಕ್ಕೆ ಬಳಸುತ್ತಿದ್ದಾರೆ. ನಾನು ಎದ್ದು ನಿಂತೆ. ನಿಂತೆ ಅಷ್ಟೇ. ಇಷ್ಟು ವರ್ಷ ಮಕ್ಕಳಿಗೆ ವ್ಯಾಕರಣ ಕಲಿಸಿದವಳಿಗೆ ಸಿಟ್ಟಿನಲ್ಲಿ ಒಂದು ವಾಕ್ಯ ಕೂಡಲಿಲ್ಲ. ಅರ್ಧ ತುಳು, ಅರ್ಧ ಕನ್ನಡ, ನಡುವೆ "ನಾಚಿಕೆ ಆಗುವುದಿಲ್ವಾ" ಎಂಬುದು ಮಾತ್ರ ಸ್ಪಷ್ಟ. ಹಿಂದಿನಿಂದ ಯಾರೋ, "ಮುಚ್ಚುವುದಿಲ್ಲ ಎಂದು ಹೇಳಿದ್ರಲ್ಲ ಟೀಚರ್, ಕೂತ್ಕೊಳ್ಳಿ" ಎಂದರು.

ಆಗ ಮಾವ ಊರುಗೋಲು ನೆಲಕ್ಕೆ ಕುಟ್ಟಿದರು.

"ಸಾರ್, ಒಂದು ಮಾತು ಉಂಟು. ಕಾಲೇಜು ಬೇರೆ, ಡಿಗ್ರಿ ಬೇರೆ. ಇದರಲ್ಲಿ ನಾನು ಮೂರು ವರ್ಷ ಮೋಸ ಹೋದವ, ಹಾಗಾಗಿ ನನಗೆ ಗೊತ್ತುಂಟು. ನೀವು ಕಾಲೇಜಿನ ಸಂಗತಿ ಹೇಳಿದ್ರಿ. ಡಿಗ್ರಿ ಇರ್ತದಾ, ಇಲ್ವಾ?"

"ಅದು... ವಿಲೀನ ಪ್ರಕ್ರಿಯೆ..."

"ಇರ್ತದಾ, ಇಲ್ವಾ?"

"ಡಿಗ್ರಿ ಇಲ್ಲಿ ಇರಲ್ಲ" ಎಂದರು ಅಧಿಕಾರಿ. ಎದ್ದವರೆಲ್ಲ ಮತ್ತೆ ಕೂತರು. ಆಮೇಲಿನ ಗಲಾಟೆಯನ್ನು ನಾನು ವರ್ಣಿಸುವುದಿಲ್ಲ, ಗೋಳಿಬಜೆ ತಣಿದುಹೋಯಿತು ಎಂದರೆ ಸಾಕು. ಅಧಿಕಾರಿ ಹೊರಗೆ ಹೋಗಿ ಯಾರಿಗೋ ಫೋನು ಮಾಡಿ ಬಂದು, ಈಗ ಇರುವ ವಿದ್ಯಾರ್ಥಿಗಳು ಇಲ್ಲೇ ಮುಗಿಸಬಹುದು, ಹೊಸಬರನ್ನು ಮಾತ್ರ ಸೇರಿಸಿಕೊಳ್ಳುವುದಿಲ್ಲ ಎಂದರು. ಜನ ಮತ್ತೆ ಚಪ್ಪಾಳೆ ತಟ್ಟಿದರು. ನಮ್ಮ ಜನಕ್ಕೆ ಚಪ್ಪಾಳೆ ಎಷ್ಟು ಅಗ್ಗ!

ಪುಷ್ಪ ತಟ್ಟಲಿಲ್ಲ. ಎದ್ದು ನಿಂತು ಕೇಳಿದಳು, "ನಮ್ಮ ನಂತರದವರು?"

"ಅದು ಪಾಲಿಸಿ ವಿಷಯ ಕಣಮ್ಮ. ನಿಮ್ಮದು ಆಯ್ತಲ್ಲ."

"ನನಗೆ ಹದಿನೆಂಟರಲ್ಲಿ ಸಿಗದ್ದು ಈಗ ಸಿಕ್ಕಿತು ಸಾರ್. ಈ ವರ್ಷ ಹದಿನೆಂಟು ಆದವರು ಎಂತ ಮಾಡುವುದು? ನನ್ನ ಪ್ರಾಯ ಆಗುವ ತನಕ ಕಾಯುವುದಾ?"

ಅಧಿಕಾರಿ ನೀರು ಕುಡಿದರು. ನಾನು ಮಾವನ ಕಡೆ ನೋಡಿದೆ. ಅವರು ನೆಲ ನೋಡುತ್ತಿದ್ದರು. ಆಮೇಲೆ ಮಗಳಲ್ಲಿ ಕ್ಷಮೆ ಕೇಳಿದರೆಂದು ನೀವು ಎಣಿಸಬೇಡಿ, ಅವರು ಅಂಥವರಲ್ಲ. ಮನೆಗೆ ಹೋಗುವಾಗ ರಿಕ್ಷಾದಲ್ಲಿ, "ಹಾಗಾದ್ರೆ ಈಗ ಎಂತ ಆಯ್ತು?" ಎಂದು ಕೇಳಿದರು.

"ಎಂತದ್ದೂ ಆಗಲಿಲ್ಲ ಅಪ್ಪ" ಎಂದಳು ಪುಷ್ಪ.

"ಎಂತದ್ದೂ ಆಗದೆ ಅವರು ಯಾಕೆ ಚಪ್ಪಾಳೆ ತಟ್ಟಿದ್ದು?"

ಇಷ್ಟು ವರ್ಷ ಮಾವನ ಮೇಲೆ ಕಟ್ಟಿಕೊಂಡಿದ್ದ ಸಿಟ್ಟನ್ನು ಅವತ್ತು ನಾನು ರಿಕ್ಷಾದಿಂದ ಇಳಿಸಲಿಲ್ಲ, ಪಕ್ಕಕ್ಕೆ ಸರಿಸಿ ಅವರಿಗೂ ಜಾಗ ಮಾಡಿಕೊಟ್ಟೆ. ಒಟ್ಟಿಗೆ ಸಿಟ್ಟಾಗಲಿಕ್ಕೆ ಒಬ್ಬರು ಬೇಕಿತ್ತು.

ಬರುವ ಸೋಮವಾರ ನಾವು ಮೂವರೂ ಮೇನ್ ಕ್ಯಾಂಪಸ್ಸಿಗೆ ಹೋಗುವವರಿದ್ದೇವೆ, ದೊಡ್ಡವರನ್ನೇ ಕಾಣಲಿಕ್ಕೆ. ಕಾರು ಮಾಡುವ ಎಂದೆ. ಮಾವ ಒಪ್ಪಲಿಲ್ಲ, ಆ ಹುಡುಗಿಯರು ಹೋಗಬೇಕಾದ ಬಸ್ಸಿನಲ್ಲೇ ಹೋಗುವ ಎಂದರು. ಅಲ್ಲಿಗೆ ಫೋನು ಮಾಡಿ ವಿಚಾರಿಸಿದಾಗ ಸಾಹೇಬರ ಕೋಣೆ ಮೇಲಿನ ಮಾಳಿಗೆಯಲ್ಲಿ, ಲಿಫ್ಟು ಕೆಟ್ಟಿದೆ ಎಂದು ಗೊತ್ತಾಯಿತು. ನಿನ್ನೆ ಮಾವನಿಗೆ ಫೋನು ಮಾಡಿ, "ನಿಮಗೆ ಮೆಟ್ಟಿಲು ಆಗಲಿಕ್ಕಿಲ್ಲ, ನೀವು ಬರುವುದು ಬೇಡ" ಎಂದೆ.

"ನಾನು ಹತ್ತುತ್ತೇನೆ ಎಂದು ನಿನಗೆ ಯಾರು ಹೇಳಿದ್ದು?" ಎಂದರು ಮಾವ. "ನಾನು ಕೆಳಗೆ ಕೂರುತ್ತೇನೆ. ಅವರು ಇಳಿದು ಬರಲಿ. ಊರಿನ ಹೆಣ್ಣುಮಕ್ಕಳೆಲ್ಲ ಅಷ್ಟು ದೂರ ಬರಬೇಕಂತಲ್ಲ, ಇವರಿಗೆ ಒಂದು ಮಾಳಿಗೆ ಇಳಿಯಲಿಕ್ಕೆ ಎಂತ?"