ಮೊಳೆ ಹಿಡಿಯದ ಮೋಟಾರು

ನಕಲಿಯನ್ನು ಅಸಲಿ ಎಂದು ದಾಟಿಸುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಮನೆಯವರಿಗೇ ಟೋಪಿ ಹಾಕುವವರನ್ನು ಕಂಡರೆ ಇನ್ನೂ ಹೆಚ್ಚು. ಅಂಥವನೊಬ್ಬ ನಮ್ಮ ಕಾಕಾ, ಅಪ್ಪನ ಖಾಸಾ ತಮ್ಮ.

ಅಪ್ಪ ವಿಜಾಪುರದ ಗಾಂಧಿ ಚೌಕದಲ್ಲಿ ಶೇಂಗಾ ವ್ಯಾಪಾರಿ. ಸಂಸ್ಥಾನಗಳು ಹೋದ ಮೇಲೆ ಒಬ್ಬ ರಾಜನ ವಿಲಾಯತಿ ಮೋಟಾರು ಕೊಂಡಿದ್ದ. ಮೇಲೆ ತಗಡು, ಒಳಗೆಲ್ಲ ಕಟ್ಟಿಗೆಯ ಚೌಕಟ್ಟು. ಬಾಗಿಲು ಹಾಕಿದರೆ ತಿಜೋರಿ ಮುಚ್ಚಿದ ಹಾಗೆ ದಪ್ಪ ಸದ್ದು. ಟಿಕೋಟಾದಿಂದ ಬಬಲೇಶ್ವರದವರೆಗೆ ಯಾರ ಮದುವೆಯಾದರೂ ವರ ಅದರಲ್ಲೇ ಮೆರೆಯಬೇಕು. ಅಪ್ಪ ಬಾಡಿಗೆ ಮುಟ್ಟುತ್ತಿರಲಿಲ್ಲ. ಪ್ರತಿ ದಸರೆಗೆ ಅವ್ವ ಒಳಬದಿಗೆ, ಬಾಗಿಲ ಮೇಲಿನ ಕಟ್ಟಿಗೆಗೆ ಸಣ್ಣ ಮೊಳೆ ಬಡಿದು ಬನ್ನಿಯ ಟೊಂಗೆ ಸಿಗಿಸುತ್ತಿದ್ದಳು. 'ರಾಜರ ಗಾಡಿಗೆ ತೂತು ಹೊಡ್ಯಾಕತ್ತಾಳ ನೋಡ್ರಿ' ಎಂದು ಅಪ್ಪ ನಗುತ್ತಿದ್ದ.

ಅರವತ್ತರ ದಶಕದ ನಡುವೆ ಅಪ್ಪ ತೀರಿಕೊಂಡ. ಕಾಕಾ ಬಂದು, 'ವೈನಿ, ಗಾಡಿ ತುಕ್ಕು ಹಿಡದೈತ್ರಿ, ಸೊಲ್ಲಾಪುರದಾಗ ರಿಪೇರಿ ಮಾಡಿಸ್ಕೊಂಡ ಬರ್ತೀನಿ' ಅಂದ. ಅವ್ವ ನಂಬಿ ಕೀಲಿ ಕೊಟ್ಟಳು. ಎಷ್ಟೋ ತಿಂಗಳು ಬಿಟ್ಟು ಥಳಥಳ ಹೊಳೆಯುವ ಗಾಡಿ ಬಂತು. ಅದೇ ಮೂತಿ, ಅದೇ ದೊಡ್ಡ ದೀಪ. ಓಣಿಗೆ ಓಣಿಯೇ ಬಾಯಿ ಬಿಟ್ಟು ನೋಡಿತು. ಆಗ ಕಾಲೇಜು ಕಲಿಯುತ್ತಿದ್ದ ನಾನು ಬಾಗಿಲು ಹಾಕಿದೆ. ಖಾಲಿ ಎಣ್ಣೆ ಡಬ್ಬಿಯ ಸದ್ದು ಬಂತು. ಅವ್ವನಿಗೆ ಹೇಳಿದರೆ, 'ರಿಪೇರಿ ಆಗೇತಿ ಬೇ, ಹಂಗ ಇರತೈತಿ' ಎಂದು ನನ್ನ ಬಾಯಿ ಮುಚ್ಚಿಸಿದಳು.

ದಸರೆ ಬಂತು. ಅವ್ವ ಮೊಳೆ ಇಟ್ಟು ಬಡಿದಳು. ಸೊಟ್ಟಾಯಿತು. ಇನ್ನೊಂದು ಬಡಿದಳು, ಅದೂ ಸೊಟ್ಟ. ಒಳಗಿನ ಬಟ್ಟೆ ಎತ್ತಿ ನೋಡಿದರೆ ಬರೀ ಕಬ್ಬಿಣದ ಪಟ್ಟಿ. ಅವಳು ವರ್ಷವರ್ಷ ಹೊಡೆದ ತೂತುಗಳಲ್ಲಿ ಒಂದೂ ಇರಲಿಲ್ಲ.

'ನಮ್ಮ ಗಾಡಿ ಎಲ್ಲೈತಿ?' ಎಂದು ಅವ್ವ ಕಾಕಾನನ್ನು ಕರೆಸಿ ಕೇಳಿದಳು. ಕಟ್ಟಿಗೆಗೆ ಗೆದ್ದಲು ಹತ್ತಿತ್ತು, ಅದಕ್ಕೇ ಕಬ್ಬಿಣ ಹಾಕಿಸಿದೆ ಎಂದು ಕಾಕಾ ಮೊದಲು ಕಥೆ ಹೇಳಿದ. ನಾನು ಬಿಡಲಿಲ್ಲ. ಕೊನೆಗೆ ಅವನೇ ಸಿಟ್ಟಿಗೆದ್ದ: 'ಮುಂಬೈದವ್ರು ಕೇಳಿದ್ರು, ಮಾರಿಬಿಟ್ಟೆ. ಹಳೇ ವ್ಯಾನಿನ ಮ್ಯಾಲ ಇದನ್ನ ಕಟ್ಟಿಸೀನಿ. ನೋಡಾಕ ಹಂಗ ಐತಲ್ಲ, ಮಂದಿಗೇನ್ ತಿಳೀತೈತಿ?' ಕದ್ದವನಿಗೇ ಸಿಟ್ಟು! ಆ ಮಾತು ನೆನೆದರೆ ಈಗಲೂ ಹಲ್ಲು ಕಡಿಯುತ್ತೇನೆ.

ಅದೇ ವರ್ಷ ಬಬಲೇಶ್ವರದಲ್ಲಿ ಅವನ ಮಗನ ಮದುವೆ. ಬೀಗರಿಗೆ ಸಂಸ್ಥಾನದ ಅಸಲಿ ಗಾಡಿ ತರುತ್ತೇನೆಂದು ಹೇಳಿಬಿಟ್ಟಿದ್ದ. ಮೆರವಣಿಗೆ ಹೊರಡುವಾಗ ಎಲ್ಲರೆದುರು ಬಾಗಿಲು ತೆಗೆದು, 'ವೈನಿ, ಅಣ್ಣನ ಗಾಡಿ, ನೀವ ಮೊದಲ ಕುಂಡ್ರಬೇಕ್ರಿ' ಅಂದ. ನನಗೆ ನಾಚಿಕೆಗೆಟ್ಟವನ ಮುಖಕ್ಕೆ ಉಗಿಯಬೇಕೆನಿಸಿತು. ಅವ್ವ ಅದರಲ್ಲಿ ಕುಳಿತರೆ ಊರಿಗೆಲ್ಲ ಅದೇ ಅಪ್ಪನ ಗಾಡಿಯಾಗುತ್ತಿತ್ತು.

ಅವ್ವ ಸೆರಗು ಸರಿಮಾಡಿಕೊಂಡಳು. 'ಇದು ನನ್ನ ಗಂಡನ ಗಾಡಿ ಅಲ್ಲ. ನಾ ನಡಕೋತ ಬರ್ತೀನಿ' ಎಂದು ಬೀಗರಿಗೆ ಕೇಳುವಂತೆ ಹೇಳಿ, ರಸ್ತೆಯ ನಟ್ಟನಡುವೆ ನಡೆದಳು. ನಾನೂ ಕೂಡಿಕೊಂಡೆ. ಹಿಂದಿನಿಂದ ಕಾಕಾ ಹಾರ್ನ್ ಒತ್ತಿಯೇ ಒತ್ತಿದ. ಬಾಜಾದವರು ಬಾರಿಸುವುದನ್ನು ನಿಲ್ಲಿಸಿದರು. ಅವ್ವ ದಾರಿ ಬಿಡಲಿಲ್ಲ.