ವಯಸ್ಸಾಗದ ಖೋಲಿ

ಅಕ್ಕಾತಾಯಿ ಬರುತ್ತಿದ್ದಾರೆಂದು ನಿಪ್ಪಾಣಿಯ ನನ್ನ ಆಫೀಸಿಗೆ ಮೊದಲು ತಿಳಿಸುತ್ತಿದ್ದದ್ದು ನಮಗೆ ಬರುತ್ತಿದ್ದ ಸೀನು. ಅವರದು ಖಾರ ಕುಟ್ಟುವ ಗಿರಣಿ. ಸೀರೆಯ ನೆರಿಗೆಯಲ್ಲಿ, ಕೂದಲಲ್ಲಿ, ಕೈಚೀಲದ ಹಿಡಿಕೆಯಲ್ಲಿ ಮೆಣಸಿನಕಾಯಿಯ ಪುಡಿ. ಅವರು ಒಳಗೆ ಕಾಲಿಡುವಷ್ಟರಲ್ಲಿ ಬೆಂಚಿನ ಮೇಲೆ ಕೂತವರೆಲ್ಲ ಮೂಗು ಒರೆಸಿಕೊಳ್ಳುತ್ತಿದ್ದರು. ಎತ್ತರದ ಹೆಂಗಸು, ಅದಕ್ಕೆ ತಕ್ಕ ದನಿ. ಕನ್ನಡದಲ್ಲಿ ಶುರು ಮಾಡಿದ ಜಗಳವನ್ನು ಮರಾಠಿಯಲ್ಲಿ ಮುಗಿಸಿ, ಜಗಳವಾಡಿದವರಿಗೇ ಚಹಾ ತರಿಸುವವರು.

ನಾನು ತೆರಿಗೆ ಸಲಹೆಗಾರ. ಅವರ ಕಟ್ಟಡದಲ್ಲಿ ಕೆಳಗೆ ಗಿರಣಿ, ಮೇಲೆ ಮನೆ. ಮೊದಲ ಸಲ ಬಂದಾಗ ಸವಕಳಿ ಎಂದರೇನೆಂದು ವಿವರಿಸಿದ್ದೆ. ಕೇಂದ್ರದ ಆದಾಯ ತೆರಿಗೆಯಲ್ಲಿ, ದಂಧೆಗೆ ಬಳಸುವ ಕಟ್ಟಡ ಸವೆಯಿತೆಂದು ಉಳಿದ ಬೆಲೆಯ ಹತ್ತನೇ ಒಂದು ಪಾಲನ್ನು ವರ್ಷವರ್ಷ ಕಳೆಯಬಹುದು. ನಾವೇ ವಾಸಿಸುವ ಮನೆಗೆ ಅದಿಲ್ಲ. ರಾಜ್ಯದ ನಿಯಮದಂತೆ ಊರಲ್ಲಿ ಕಟ್ಟುವ ಆಸ್ತಿ ತೆರಿಗೆಯಲ್ಲಿ ಹಾಗಲ್ಲ. ಗಿರಣಿಯಿರಲಿ, ಮನೆಯಿರಲಿ, ಎಷ್ಟು ಹಳೆಯದೋ ಅಷ್ಟು ರಿಯಾಯಿತಿ.

ಅಕ್ಕಾತಾಯಿ ಯೋಚಿಸಿ ಕೇಳಿದರು: “ಹಂಗಾರ ದಿಲ್ಲಿಯವ್ರ ಲೆಕ್ಕದಾಗ ನಾ ಪಾವಟಿಗಿ ಹತ್ತಿ ಮ್ಯಾಲ ಹೋದ್ನೆಂದ್ರ ಮನಿಗಿ ವಯಸ್ಸ ಆಗಂಗಿಲ್ಲ. ಇಲ್ಲಿಯವ್ರ ಲೆಕ್ಕದಾಗ ಆಗತೈತಿ. ನಾ ಯಾರ ಮಾತ ನಂಬ್ಲಿರಿ?”

ನಾನು ಎರಡು ಬೇರೆ ಹಾಳೆ ತೆಗೆದುಕೊಂಡೆ, ಒಂದು ದಿಲ್ಲಿಯ ಲೆಕ್ಕಕ್ಕೆ, ಒಂದು ಊರಿನದಕ್ಕೆ.

ಆಸ್ತಿ ತೆರಿಗೆಗೆ ಕಟ್ಟಡದ ಪ್ರತಿ ಭಾಗದ ವಯಸ್ಸು ಬೇಕಿತ್ತು. ನೋಡಿ ಬರೋಣವೆಂದು ಒಂದು ದಿನ ಅವರ ಮನೆಗೆ ಹೋದೆ. ಗಿರಣಿಯ ಕಲ್ಲಿನ ಗೋಡೆಗಳು ಅವರ ಮಾವನ ಕಾಲದವು. ಮೇಲಿನದನ್ನೆಲ್ಲ ಗಂಡ ಮಾರುತಿ ಕಟ್ಟಿದ್ದ. ಅವನು ಗವಂಡಿ, ಬೇರೆಯವರ ಕೆಲಸ ಮುಗಿಸಿ ಬಂದು ತನ್ನ ಮನೆಯ ಇಟ್ಟಂಗಿ ಇಡುತ್ತಿದ್ದನಂತೆ. ರಸ್ತೆಯ ಕಡೆಯ ಕೊನೆಯ ಖೋಲಿಗೆ ಮಾತ್ರ ಸಿಮೆಂಟು ಮೆತ್ತಿ ಗಿಲಾವು ಮಾಡಿರಲಿಲ್ಲ. ಬರಿಯ ಇಟ್ಟಂಗಿ, ಅಟ್ಟಣೆ ಕಟ್ಟಿದ್ದ ತೂತುಗಳೂ ಹಾಗೇ ಇದ್ದವು. ಆ ಗೋಡೆ ಎದ್ದ ಮೇಲೆ ಮಾರುತಿ ದೊಡ್ಡ ಕೆಲಸ ಸಿಕ್ಕಿತೆಂದು ಕೊಗನೊಳ್ಳಿ ದಾಟಿ ಕೊಲ್ಲಾಪುರದ ಕಡೆ ಹೋದ. ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಓಣಿಗೆಲ್ಲ ಗೊತ್ತಿತ್ತು, ಅಕ್ಕಾತಾಯಿಗೂ ಗೊತ್ತಿತ್ತು. ಆದರೂ ದಸರೆಯ ಹೊತ್ತಿಗೆ ಆ ಕಡೆಯಿಂದ ಬಂದವರ ಬಾಯಲ್ಲಿ ಅವನು ಹೇಳಿಕಳಿಸುತ್ತಿದ್ದ, ದೀಪಾವಳಿ ಮುಗಿಸಿ ಬಂದು ಗಿಲಾವು ಮಾಡುತ್ತೇನೆಂದು.

ಖೋಲಿಯಲ್ಲಿ ಕಾಳಿನ ಚೀಲಗಳಿದ್ದವು. ಬಳಕೆಯಲ್ಲಿದೆ, ಆದ್ದರಿಂದ ಇದಕ್ಕೂ ರಿಯಾಯಿತಿ ಸಿಗುತ್ತದೆ ಎಂದೆ.

“ಇದಕ್ಕ ವಯಸ್ಸ ಬರೀಬ್ಯಾಡ್ರಿ,” ಎಂದರು ಅಕ್ಕಾತಾಯಿ. “ಮುಗೀಲಾರದ್ದು ಹಳೇದ ಹೆಂಗಾಗತೈತಿ?”

ನಾನು ಕಾನೂನು ಹೇಳಿದೆ. ಅವರು ಕಿಟಕಿಯ ಹೊರಗೆ ರಸ್ತೆ ನೋಡುತ್ತ ನಿಂತರು. ಕೊನೆಗೆ ಅದನ್ನು ಹೊಸದೆಂದೇ ತೋರಿಸಿದೆವು. ಹೆಚ್ಚು ಕಟ್ಟುತ್ತೇನೆನ್ನುವವರನ್ನು ಯಾವ ಕಚೇರಿ ತಡೆಯುತ್ತದೆ? ಮುಂದೆ ಪ್ರತಿ ವರ್ಷವೂ ಹಾಗೆಯೇ. ಗಿರಣಿಗೆ ವಯಸ್ಸಾಯಿತು, ಅಡುಗೆಮನೆಗೆ ಆಯಿತು, ಅಕ್ಕಾತಾಯಿಯ ಹೆರಳೂ ಬೆಳ್ಳಗಾಯಿತು. ಆ ಖೋಲಿಗೆ ಮಾತ್ರ ಆಗಲಿಲ್ಲ. ನಾನೂ ವಾದಿಸುವುದನ್ನು ಬಿಟ್ಟೆ.

ಒಂದು ಶ್ರಾವಣದಲ್ಲಿ ಅವರು ಬಂದು, ಗದ್ದಲವಿಲ್ಲದೆ, ಹಿಂದೆ ಬಂದವರನ್ನೆಲ್ಲ ಮುಂದೆ ಬಿಟ್ಟು ಕೂತರು. ಮಾರುತಿ ತೀರಿಕೊಂಡಿದ್ದ. ಮಣ್ಣಾದ ಮೇಲೆ ಯಾರೋ ಫೋನ್ ಮಾಡಿ ತಿಳಿಸಿದ್ದರು. ಹಳ್ಳಿಗಳಿಂದ ಮೆಣಸಿನಕಾಯಿ ಹೊತ್ತು ತಂದವರನ್ನು ತಿರುಗಿ ಕಳಿಸಲಾಗದೆ ಅಂದು ಸಂಜೆಯವರೆಗೂ ಗಿರಣಿ ನಡೆಸಿದರಂತೆ. ಆಮೇಲೆ ಸದಲಗಾದಿಂದ ಒಬ್ಬ ಗವಂಡಿಯನ್ನು ಕರೆಸಿದ್ದರು.

“ಗಿಲಾವ ಮಾಡ್ಸೇನ್ರಿ. ಈ ಸಲ ಅದಕ್ಕೂ ವಯಸ್ಸ ಬರೀರಿ.”

ಯಾವ ವರ್ಷದಿಂದ ಎಂದು ಕೇಳಲೇಬೇಕಿತ್ತು, ಕೇಳಿದೆ.

“ಅಂವ ಇಟ್ಟಂಗಿ ಇಟ್ಟಾಗಿಂದ,” ಎಂದರು. ಸೆರಗಿನಿಂದ ಮುಖ ಒರೆಸಿಕೊಂಡರು. ಸೆರಗಿನ ಖಾರ ಕಣ್ಣಿಗೆ ತಾಗಿ ನೀರು ಸುರಿಯತೊಡಗಿತು. ನಾನು ತಂಬಿಗೆ ಕೊಟ್ಟೆ. ಬಹಳ ಹೊತ್ತು ಕಣ್ಣು ತೊಳೆದುಕೊಂಡರು.

ಅಂದು ಹೊರಡುವಾಗ ನನ್ನ ವಿಷಯ ಎತ್ತಿದರು. ಚಿಕ್ಕೋಡಿಯಲ್ಲಿ ಜಾಗ ಕೊಂಡು ಎಷ್ಟೋ ಕಾಲ ಖಾಲಿ ಬಿಟ್ಟಿದ್ದೆ. ಯಾವಾಗ ಕಟ್ಟಿಸುತ್ತೀರಿ ಎಂದು ಕೇಳಿ, ಉತ್ತರಕ್ಕೂ ಕಾಯದೆ, “ಮೊದಲನೇ ಇಟ್ಟಂಗಿ ನಾ ಬಂದ ಇಡ್ತೇನಿ. ಬ್ಯಾರೆಯವ್ರ ಕೈಲೆ ಇಡಿಸಬ್ಯಾಡ್ರಿ,” ಎಂದರು. ನಾನು ಹೂಂ ಅಂದೆ. ಅದೇ ಕೊನೆಯ ಭೇಟಿ. ಮರು ವರ್ಷ ಲೆಕ್ಕ ಒಪ್ಪಿಸುವ ಕಾಲ ಬರುವ ಮೊದಲೇ, ಒಂದು ಬೆಳಿಗ್ಗೆ ಗಿರಣಿ ನಿಲ್ಲಿಸಿ ಕೂತವರು ಮತ್ತೆ ಏಳಲಿಲ್ಲ.

ಈ ಬೇಸಗೆಯಲ್ಲಿ ಚಿಕ್ಕೋಡಿಯ ಮನೆಯ ಕೆಲಸ ಹಿಡಿದೆ. ಪಾಯ ಪೂಜೆಗೆ ರಾಯಬಾಗ, ಅಥಣಿಯ ನೆಂಟರೆಲ್ಲ ಬಂದಿದ್ದರು. ಗವಂಡಿ ಇಟ್ಟಂಗಿ ನೀರಲ್ಲಿ ಅದ್ದಿ ತೆಗೆದು, ಯಾರು ಇಡುತ್ತೀರೆಂದು ಕೇಳಿದ. ಸ್ವಲ್ಪ ತಡಿ ಎಂದೆ. ನಿಪ್ಪಾಣಿಯ ಬಸ್ಸಿಗೆ ಯಾರೋ ಬರುವವರಿದ್ದಾರೆಂದುಕೊಂಡು ಎಲ್ಲರೂ ನೆರಳಿಗೆ ಸರಿದರು. ನಾನೂ ರಸ್ತೆ ನೋಡುತ್ತ ನಿಂತೆ. ಕಲಸಿದ ಸಿಮೆಂಟು ಗಟ್ಟಿಯಾಗುತ್ತಿದೆಯೆಂದು ಗವಂಡಿ ಮೆಲ್ಲಗೆ ನೆನಪಿಸಿದ ಮೇಲೆ, ಬಾಗಿ, ನಾನೇ ಇಟ್ಟೆ.